ಹಳೆ ಬಣ್ಣ ಕಳಚುವ ದ್ರವಗಳು ಮತ್ತು ಥಾಣೆ-ಬೇಲಾಪುರ ಪಟ್ಟಿ

ಪುಟ್ಟ ವಿಮಾನ, ಹಡಗುಗಳ ಪ್ಲಾಸ್ಟಿಕ್ ಮಾಡೆಲ್‌ಗಳು ಬಹುಪಾಲು ಪಾಲಿಸ್ಟೈರಿನ್‌ನಿಂದ ಆದವು. ಇಂಗ್ಲೆಂಡಿನ ಏರ್‌ಫಿಕ್ಸ್ 1952ರಲ್ಲಿ ‘ಗೋಲ್ಡನ್ ಹೈಂಡ್’ ಹಡಗಿನ ಕಿಟ್ಟನ್ನು ಮಾರಾಟಕ್ಕೆ ತಂದಿತು. ಭಾರತದಲ್ಲಿ ಪಾಲಿಸ್ಟೈರಿನ್ ತಯಾರಿಕೆ 1957ರಲ್ಲಿ ಮುಂಬೈಯ ಪಾಲಿಕೆಮ್ ಕಂಪನಿಯಿಂದ ಶುರುವಾಯಿತು. ಇಂಥ ಮಾಡೆಲ್‌ನ ಹಳೆ ಬಣ್ಣ ತೆಗೆಯುವಾಗ ಬಣ್ಣ ಸಡಿಲಾಗಬೇಕು, ಕೆಳಗಿನ ಪ್ಲಾಸ್ಟಿಕ್ ಮಾತ್ರ ಮೆತ್ತಗಾಗಬಾರದು. ಅದಕ್ಕೆ ತಕ್ಕ ದ್ರವ ಯಾವುದೆಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಅಂಥ ದ್ರವಗಳ ಕಥೆಯಲ್ಲಿ ಥಾಣೆ ಜಿಲ್ಲೆಗೆ ದೊಡ್ಡ ಪಾಲಿದೆ. 1962ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ (ಎಂಐಡಿಸಿ) ಥಾಣೆಯ ವಾಗ್ಳೆ ಎಸ್ಟೇಟ್‌ನಿಂದ ಕೆಲಸ ಆರಂಭಿಸಿ, ಬೇಲಾಪುರ ರಸ್ತೆಯ ಇಕ್ಕೆಲಗಳಲ್ಲಿ ಮತ್ತು ಡೊಂಬಿವಲಿಯಲ್ಲಿ ಕಾರ್ಖಾನೆಗಳಿಗೆ ಜಾಗ ಒದಗಿಸಿತು. ಆ ರಸ್ತೆಯಲ್ಲಿ, ಇಂಥ ದ್ರವಗಳಿಗೆ ಕಚ್ಚಾವಸ್ತು ಒದಗಿಸುತ್ತಿದ್ದ ಪೆಟ್ರೋಕೆಮಿಕಲ್ ಕಂಪನಿ ನೋಸಿಲ್‌ನ ನಾಫ್ತಾ ಘಟಕ 1968ರಲ್ಲಿ ಶುರುವಾಯಿತು. ಅದೇ ರಸ್ತೆಯ ಹರ್ಡಿಲಿಯಾ ಕಾರ್ಖಾನೆ ಕ್ಯುಮೀನ್‌ನಿಂದ ಫಿನಾಲ್ ತಯಾರಿಸುತ್ತಿತ್ತು. ಈ ವಿಧಾನದಲ್ಲಿ ಒಂದು ಟನ್ ಫಿನಾಲ್‌ಗೆ ಸುಮಾರು 600 ಕಿಲೊ ಅಸಿಟೋನ್ ತಾನಾಗಿ ಸಿಗುತ್ತದೆ.

ಬಣ್ಣವನ್ನು ಕ್ಷಣದಲ್ಲಿ ಕರಗಿಸುವ ಅಸಿಟೋನ್ ಮಾಡೆಲ್‌ಗೆ ವಿಷವೇ ಸರಿ. ಅದು ಪಾಲಿಸ್ಟೈರಿನ್ನನ್ನೂ ಮೆತ್ತಗೆ ಮಾಡಿ, ರಿವೆಟ್ ಗುರುತು, ಗೀರುಗಳನ್ನೆಲ್ಲ ಅಳಿಸಿಬಿಡುತ್ತದೆ. ಹಾರ್ಡ್‌ವೇರ್ ಅಂಗಡಿಯ ಥಿನ್ನರ್ ಇನ್ನೂ ಕೆಟ್ಟದ್ದು. ಅದರಲ್ಲಿರುವ ಟೊಲ್ಯೂಯೀನ್‌ನ ಬೆಂಜೀನ್ ಉಂಗುರ ಪಾಲಿಸ್ಟೈರಿನ್‌ನಲ್ಲೂ ಇರುವುದರಿಂದ ಎರಡೂ ಸುಲಭವಾಗಿ ಬೆರೆಯುತ್ತವೆ.

ಎನಾಮೆಲ್ ಬಣ್ಣಗಳೇ ಹೆಚ್ಚಾಗಿದ್ದ ಕಾಲದಲ್ಲಿ ಕಾಸ್ಟಿಕ್ ಸೋಡಾ ನೀರು ಮತ್ತು ಗ್ಯಾರೇಜಿನ ಬ್ರೇಕ್ ಆಯಿಲ್ ಕೈಗೆ ಬಂದವು. ಕಾಸ್ಟಿಕ್ ಸೋಡಾ ಪಾಲಿಸ್ಟೈರಿನ್ನಿಗೆ ತೊಂದರೆ ಕೊಡದೆ ಎನಾಮೆಲ್ಲನ್ನೂ ಹೊಳಪಿನ ಕ್ರೋಮ್ ಲೇಪವನ್ನೂ ಕಳಚುತ್ತದೆ. ಆದರೆ ಚರ್ಮ, ಕಣ್ಣು ಸುಡುತ್ತದೆ. ಸತು, ಅಲ್ಯುಮಿನಿಯಂ ಸೇರಿದ ಲೋಹದ ಮಾಡೆಲ್‌ಗಳನ್ನು ತಿಂದುಹಾಕುತ್ತದೆ. ಗ್ಲೈಕಾಲ್ ಆಧಾರಿತ ಬ್ರೇಕ್ ಆಯಿಲ್ ನಿಧಾನಿ, ಗಂಟೆಗಟ್ಟಲೆ ನೆನೆಸಬೇಕು. ಸಿಲಿಕೋನ್ ಬ್ರೇಕ್ ಆಯಿಲ್‌ನಿಂದ ಈ ಕೆಲಸ ಆಗದು.

1980ರ ದಶಕದಿಂದ ಅಕ್ರಿಲಿಕ್ ಬಣ್ಣಗಳ ಬಳಕೆ ಹೆಚ್ಚಿತು. ಅವಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್ ಹೇಳಿ ಮಾಡಿಸಿದಂತಿದೆ. ಹಲವು ಬಣ್ಣಗಳು ನಿಮಿಷಗಳಲ್ಲೇ ಸಡಿಲಾಗುತ್ತವೆ. ನವಿ ಮುಂಬೈಯ ಮಗ್ಗುಲಿನ ತಳೋಜಾದಲ್ಲಿ ದೀಪಕ್ ಫರ್ಟಿಲೈಸರ್ಸ್ ಕಂಪನಿ 2006ರಿಂದ ಇದನ್ನು ತಯಾರಿಸುತ್ತಿದೆ. ವರ್ಷಗಟ್ಟಲೆ ಗಟ್ಟಿಯಾದ ಎನಾಮೆಲ್ ಇದಕ್ಕೆ ಬೇಗ ಜಗ್ಗದು; ಹಾಗೆಂದು ದಿನಗಟ್ಟಲೆ ನೆನೆಸಿಟ್ಟರೆ ತೆಳು ಭಾಗಗಳು ಪೆಡಸಾಗಬಹುದು.

ಯಾವ ದ್ರವವಾದರೂ ಮೊದಲು ಒಳಬದಿಯಲ್ಲೊಂದು ಹನಿ ಹಾಕಿ ನೋಡಬೇಕು. ಬೆಂಕಿಯಿಂದ ದೂರ, ಗಾಳಿಯಾಡುವ ಕಡೆ, ಕೈಗವಸು ತೊಟ್ಟು ಕೆಲಸ ಮಾಡಬೇಕು. ಪಾರದರ್ಶಕ ಭಾಗಗಳು ಬಿರುಕು ಬಿಡಬಹುದಾದ್ದರಿಂದ ಅವನ್ನು ಬೇರೆಯಾಗಿಡಬೇಕು. ಸಡಿಲಾದ ಬಣ್ಣವನ್ನು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಹೊಸ ಬಣ್ಣ ಬಳಿಯಬೇಕು.