ಆಟಿಕೆ ಅಂಗಡಿಯಿಂದ ಯುದ್ಧಕ್ಕೆ ಹೋದ ಕವಣೆ

ಸೀಬೆ ಮರದ ಕವಲು ಕೊಂಬೆ, ಸೈಕಲ್ ಟ್ಯೂಬಿನ ಎರಡು ಪಟ್ಟಿ, ಹಳೇ ಚಪ್ಪಲಿಯ ಚೂರು ಚರ್ಮ... ಇಷ್ಟು ಸೇರಿಸಿ ಕ್ಯಾಟರ್‌ಬಿಲ್ಲು ಮಾಡದವರು ಯಾರಿದ್ದೀರಿ ಹೇಳಿ? ನನ್ನದು ಆಗ ಒಂದೇ ತಕರಾರು. ರಬ್ಬರ್ ದಪ್ಪ ಇದ್ದರೆ ಎಳೆಯೋಕಾಗಲ್ಲ, ತೆಳ್ಳಗಿದ್ದರೆ ಕಲ್ಲು ದೂರ ಹೋಗಲ್ಲ. ಹಿಡಿ ತಿರುಗಿಸಿ ಹಗ್ಗ ಸುತ್ತೋ ಏನಾದ್ರೂ ಕಟ್ಟಿ ಎಳೆದರೆ ಹೇಗೆ ಅಂತ ಯೋಚಿಸಿದ್ದೆ. ಅಮ್ಮ ಬಿಡಲಿಲ್ಲ :)

1915ರಲ್ಲಿ ಬ್ರಿಟಿಷ್ ಸೈನ್ಯ ಅದನ್ನೇ ಮಾಡಿತ್ತು ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಮೊದಲನೇ ಮಹಾಯುದ್ಧ, ಫ್ರಾನ್ಸ್. ಎರಡೂ ಕಡೆಯವರು ಕಂದಕದೊಳಗೆ. ಕೆಲವು ಕಡೆ ನಡುವಿನ ಅಂತರ ನೂರು ಮೀಟರಿಗಿಂತ ಕಡಿಮೆ. ನೇರ ಹಾರುವ ಬಂದೂಕಿನ ಗುಂಡು ಕಂದಕದ ಒಳಗೆ ಬೀಳಲ್ಲ, ಮೇಲಿಂದ ಏನಾದರೂ ಬೀಳಿಸಬೇಕು. ಜರ್ಮನರು ಅದಕ್ಕೆ ಮಾರ್ಟರುಗಳನ್ನು ಮೊದಲೇ ಮಾಡಿಟ್ಟುಕೊಂಡಿದ್ದರು. ಬ್ರಿಟಿಷರ ಹತ್ತಿರ ಇದ್ದದ್ದು ಜಾಮ್ ಡಬ್ಬಿಗೆ ಸ್ಫೋಟಕ ತುಂಬಿ ಬತ್ತಿ ಇಟ್ಟ ಬಾಂಬು. ಕೈಯಲ್ಲಿ ಎಸೆದರೆ ಮೂವತ್ತು ಮೀಟರು ಹೋದರೆ ಪುಣ್ಯ.

ಆಗ ಕ್ಲಾಡ್ ಪೆಂಬರ್ಟನ್ ಲೀಚ್ ಅನ್ನೋರು ದೈತ್ಯ ಕವಣೆಯೊಂದನ್ನು ರೂಪಿಸಿದರು. ತಯಾರಿಸಿದ್ದು ಗ್ಯಾಮೇಜಸ್, ಲಂಡನ್ನಿನಲ್ಲಿ ಆಟಿಕೆ, ಸೈಕಲ್ಲು, ಕ್ರೀಡಾ ಸಾಮಾನು ಮಾರುತ್ತಿದ್ದ ದೊಡ್ಡ ಅಂಗಡಿ! ನಮ್ಮ ಕವಣೆಯ ಥರವೇ ಕವಲಿನ ಚೌಕಟ್ಟು, ರಬ್ಬರ್ ಪಟ್ಟಿಗಳು. ಎಳೆಯೋಕೆ ಮಾತ್ರ ಹಿಡಿ ತಿರುಗಿಸಿ ಸುತ್ತುವ ಉರುಳೆ, ಎಳೆದದ್ದನ್ನು ಹಿಡಿದಿಡಲು ಕೊಕ್ಕೆ. ಸುಮಾರು 0.9 ಕೆಜಿಯ ಬಾಂಬನ್ನು 110ರಿಂದ 180 ಮೀಟರ್ ಎಸೆಯುತ್ತಿತ್ತು.

ಇಂಜಿನಿಯರಿಂಗ್ ಓದಿದ ಚಟ ನೋಡಿ, ಲೆಕ್ಕ ಹಾಕದೆ ಇರಲಾಗಲಿಲ್ಲ. ಗಾಳಿಯ ತಡೆ ಮರೆತುಬಿಟ್ಟರೂ 0.9 ಕೆಜಿ 150 ಮೀಟರ್ ಹೋಗಲು ಸುಮಾರು 660 ಜೌಲ್ ಬೇಕು. ಕೈಯಲ್ಲಿ ಗರಿಷ್ಠ 30 ಕೆಜಿ ಬಲ ಹಾಕಿ ಮುಕ್ಕಾಲು ಮೀಟರ್ ಎಳೆದರೆ ರಬ್ಬರಿನಲ್ಲಿ ಕೂಡುವುದು 110ರ ಆಸುಪಾಸು, ಅಂದರೆ ಆರನೇ ಒಂದು ಪಾಲು. ಉರುಳೆ ಪುಕ್ಕಟೆ ಶಕ್ತಿ ಕೊಡಲ್ಲ. ನಿಧಾನವಾಗಿ ಸುತ್ತುತ್ತಾ ಸುತ್ತುತ್ತಾ ಕೂಡಿಸಿದ್ದನ್ನು ಒಂದೇ ಕ್ಷಣದಲ್ಲಿ ಬಿಡೋಕೆ ಅವಕಾಶ ಕೊಡುತ್ತೆ, ಅಷ್ಟೆ.

ಈ ತಂತ್ರ ಹೊಸದೇನಲ್ಲ, ಉರುಳೆಯಿಂದ ಹೆದೆ ಎಳೆಯುವ ಯಂತ್ರಗಳು ಪ್ರಾಚೀನ ಗ್ರೀಕರಲ್ಲೇ ಇದ್ದವು. ಹೊಸದು ರಬ್ಬರು. ಹಸಿ ರಬ್ಬರು ಬಿಸಿಲಿಗೆ ಅಂಟು, ಚಳಿಗೆ ಗಟ್ಟಿ. ಗಂಧಕ ಬೆರೆಸಿ ಕಾಯಿಸಿ ಅದನ್ನು ಹದ ಮಾಡುವ ವಿಧಾನಕ್ಕೆ ಚಾರ್ಲ್ಸ್ ಗುಡ್‌ಇಯರ್ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1844ರಲ್ಲಿ. ಹಾಗಾಗಿ ಅನಾದಿ ಕಾಲದ್ದು ಅನ್ನಿಸುವ ನಮ್ಮ ಕವಣೆಗೆ ಇನ್ನೂ ಇನ್ನೂರು ವರ್ಷವೂ ಆಗಿಲ್ಲ!

ನನಗೆ ಹೆದರಿಕೆ ಹುಟ್ಟಿಸಿದ್ದು ಬತ್ತಿಯ ವಿಷಯ. ನಮ್ಮ ಕವಣೆಯಲ್ಲಿ ಒಂದು ಕಡೆ ಪಟ್ಟಿ ಸಡಿಲವಾದರೆ ಕಲ್ಲು ಸೊಟ್ಟಗೆ ಹೋಗುತ್ತೆ, ನಗ್ತೀವಿ. ಅಲ್ಲಿ ಮೊದಲು ಬತ್ತಿ ಹಚ್ಚಬೇಕು, ಆಮೇಲೆ ಕೊಕ್ಕೆ ಬಿಡಬೇಕು. ಕೆಲವೇ ಸೆಕೆಂಡು ಉರಿಯುವ ಬತ್ತಿ. ಕೊಕ್ಕೆ ಸಿಕ್ಕಿಕೊಂಡರೆ, ಪಟ್ಟಿ ಹರಿದರೆ, ಬಾಂಬು ಉಳಿಯುವುದು ಸುತ್ತಿದವನ ಪಕ್ಕದಲ್ಲೇ. ಇಕ್ಕಟ್ಟು ಕಂದಕ, ಓಡೋಕೆ ಜಾಗ ಎಲ್ಲಿ?

1916ರಲ್ಲಿ ಇದರ ಜಾಗಕ್ಕೆ ಎರಡು ಇಂಚಿನ ಮಾರ್ಟರು ಮತ್ತು ವಿಲ್ಫ್ರೆಡ್ ಸ್ಟೋಕ್ಸ್ ರೂಪಿಸಿದ ಮಾರ್ಟರು ಬಂದವು. ಸ್ಟೋಕ್ಸ್ ಮಾರ್ಟರಿನಲ್ಲಿ ಸುತ್ತೋದು, ಎಳೆಯೋದು ಏನೂ ಇಲ್ಲ. ಕೊಳವೆಯ ಬಾಯಿಂದ ಗುಂಡು ಜಾರಿಬಿಟ್ಟರೆ ತಳದ ಮೊಳೆಗೆ ತಾಗಿ ತಾನೇ ಹಾರುತ್ತೆ. ಗ್ಯಾಮೇಜಸ್ ಮತ್ತೆ ಆಟಿಕೆ ಮಾರಿಕೊಂಡು 1972ರವರೆಗೂ ಇತ್ತು.