ಜೀವ ಬಾಯಿಗೆ ಬರುವ ಹಳಿ

ಹುಸ್ಕೂರಿನ ಮದ್ದೂರಮ್ಮನ ಜಾತ್ರೆಗೆ ಸುತ್ತಲ ಹಳ್ಳಿಗಳಿಂದ ಬರುವ ಕುರ್ಜುಗಳನ್ನು ನೋಡಿದವರಿಗೆ ಎತ್ತರ ಅಂದರೇನೆಂದು ಯಾರೂ ವಿವರಿಸಬೇಕಿಲ್ಲ. ನೂರು ಅಡಿಗೂ ಮೀರಿದ ಮರದ ತೇರು, ನಾಲ್ಕೂ ಕಡೆ ಹಗ್ಗ ಹಿಡಿದ ಊರ ಹುಡುಗರು, ಮುಂದೆ ಎತ್ತುಗಳು, ಈಗೀಗ ಟ್ರ್ಯಾಕ್ಟರುಗಳು. ಹೊಲದ ಬದುವಿನ ಮೇಲೆ ಗಾಲಿ ಹತ್ತಿ ತುದಿ ಒಂದು ಕಡೆಗೆ ವಾಲಿದಾಗ ಇಡೀ ಬಯಲು 'ಹೋ' ಎನ್ನುತ್ತದೆ. ಅಪ್ಪನ ಹೆಗಲ ಮೇಲೆ ಕೂತು ಆ ಕೂಗು ಕೇಳಿದ್ದು ನನಗೆ ಇನ್ನೂ ನೆನಪಿದೆ. ಬಹಳ ವರ್ಷಗಳ ಮೇಲೆ ಬಿಡದಿಯ ವಂಡರ್‌ಲಾದಲ್ಲಿ ರಿಕಾಯಿಲ್ ಎಂಬ ರೋಲರ್ ಕೋಸ್ಟರಿನಲ್ಲಿ ಬೆನ್ನು ಹಿಂದಾಗಿ ಮೇಲೇರುವಾಗ ಅದೇ ಕೂಗು ನನ್ನ ಬಾಯಿಂದಲೇ ಬಂತು. ಅದರ ಎತ್ತರವೂ ಸುಮಾರು 116 ಅಡಿ. ಅಂದರೆ ಒಂದು ಕುರ್ಜಿನಷ್ಟು.

ಜೀವ ಬಾಯಿಗೆ ಬರಲಿ, ಆದರೆ ಹೋಗದಿರಲಿ ಎಂಬ ಆಸೆ ಬೆಂಗಳೂರಿನ ಹೊರವಲಯಕ್ಕೆ ಐಟಿಯವರು ತಂದದ್ದಲ್ಲ, ಅದು ಇಲ್ಲಿಯದೇ. ಪೀಣ್ಯ ಎರಡನೇ ಹಂತದ ಶೆಡ್ಡೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಜಾಬ್‌ಗಳ ಅಳತೆ ನೋಡುತ್ತಾ, ರಜೆ ಸಿಕ್ಕಾಗಲೆಲ್ಲ ಪಾರ್ಕುಗಳನ್ನು ಸುತ್ತುತ್ತಾ ಬಂದ ನನಗೆ ಒಂದೇ ಪ್ರಶ್ನೆ ಕಾಡಿದೆ. ಇಷ್ಟು ಆಸೆಯಿದ್ದೂ, ಇಷ್ಟು ಕೈಕೆಲಸವಿದ್ದೂ ನಾವೇಕೆ ನೀರಾಟದಲ್ಲೇ ನಿಂತುಬಿಟ್ಟೆವು?

ಮೊದಲು ಇದ್ದದ್ದು ಜಾತ್ರೆಯ ತೊಟ್ಟಿಲು. ನಾಲ್ಕು ಮರದ ತೊಟ್ಟಿಲುಗಳನ್ನು ಕೈಯಿಂದ ತಳ್ಳಿ ತಿರುಗಿಸುತ್ತಿದ್ದ ಅದು ಆಮೇಲೆ ಮೋಟಾರು ಕಟ್ಟಿಕೊಂಡು ಜೈಂಟ್ ವೀಲ್ ಆಯಿತು. ಮೈಸೂರು ದಸರಾ ವಸ್ತುಪ್ರದರ್ಶನಕ್ಕೆ ಹೋದವರು ಅದರ ಜೊತೆಗೆ ಕೊಲಂಬಸ್ ದೋಣಿ, ಬಾವಿಯ ಗೋಡೆ ಹತ್ತುವ ಮೋಟಾರ್ ಸೈಕಲ್ಲು, ಎಲ್ಲವನ್ನೂ ಒಂದೇ ಸಂಜೆಯಲ್ಲಿ ಮುಗಿಸಿ ಹಪ್ಪಳ ತಿಂದು ಬರುತ್ತಿದ್ದರು. ಬೆಂಗಳೂರಿನ ಮಕ್ಕಳಿಗೆ ಹಳಿಯ ಮೇಲಿನ ಮೊದಲ ಸವಾರಿ ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ಎಕ್ಸ್‌ಪ್ರೆಸ್. ಅದರಲ್ಲಿ ಭಯವಿಲ್ಲ, ತಿರುವುಂಟು. ಹಳಿ ಎಂಬುದು ಮನುಷ್ಯನನ್ನು ತನಗೆ ಬೇಕಾದ ಕಡೆ ಒಯ್ಯುತ್ತದೆ, ನಾವು ಮಾಡಬೇಕಾದ್ದು ಕೂರುವುದಷ್ಟೇ ಎಂಬ ಮೊದಲ ಪಾಠ ಅಲ್ಲಿ ಸಿಗುತ್ತಿತ್ತು.

ಹೊರಗಿನ ಲೋಕದಲ್ಲಿ ಈ ಹಳಿ ಅಷ್ಟು ಹೊತ್ತಿಗೆ ಬಹಳ ದೂರ ಸಾಗಿತ್ತು. ರಷ್ಯಾದಲ್ಲಿ ಚಳಿಗಾಲಕ್ಕೆ ಮರದ ಅಟ್ಟಣೆ ಕಟ್ಟಿ, ಮೇಲೆ ಮಂಜು ಹೆಪ್ಪುಗಟ್ಟಿಸಿ ಜಾರುತ್ತಿದ್ದರು. 1884ರಲ್ಲಿ ನ್ಯೂಯಾರ್ಕಿನ ಕಾನಿ ಐಲೆಂಡಿನಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತ ಐದು ಸೆಂಟಿಗೆ ಒಂದು ಸವಾರಿ ಕೊಡುವ ಸ್ವಿಚ್‌ಬ್ಯಾಕ್ ರೈಲು ಹಾಕಿದ. ವೇಗ ಗಂಟೆಗೆ ಹತ್ತು ಕಿಲೋಮೀಟರಿನ ಆಸುಪಾಸು, ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಸಂಜೆಯ ವೇಗ. ಆದರೂ ಜನ ಮುಗಿಬಿದ್ದರು. ಈ ಕಥೆಯಲ್ಲಿ ನನಗೆ ಎಲ್ಲರಿಗಿಂತ ದೊಡ್ಡವನಾಗಿ ಕಾಣುವವನು ಜಾನ್ ಮಿಲ್ಲರ್. ಗಾಡಿ ದಿಬ್ಬ ಏರುವಾಗ ಹಿಂದಕ್ಕೆ ಜಾರದಂತೆ ಹಲ್ಲಿನ ಪಟ್ಟಿಗೆ ಸಿಕ್ಕಿಕೊಳ್ಳುವ ಕೊಂಡಿಯನ್ನು ಬಳಕೆಗೆ ತಂದವನು ಅವನು. ಕೋಸ್ಟರ್ ಏರುವಾಗ ಕೇಳುವ 'ಕಟಕಟ' ಸದ್ದು ಅದರದ್ದೇ. ಹೆದರಿಸುವಂತೆ ಕೇಳುವ ಆ ಸದ್ದೇ ನಮ್ಮನ್ನು ಹಿಡಿದುಕೊಂಡಿರುತ್ತದೆ. 1919ರಲ್ಲಿ ಅವನು ಹಳಿಯ ಕೆಳಗೂ ಒಂದು ಚಕ್ರ ಕೂರಿಸುವ ಉಪಾಯಕ್ಕೆ ಪೇಟೆಂಟ್ ಪಡೆದ. ಮೇಲೊಂದು ಚಕ್ರ ಭಾರ ಹೊರಲು, ಪಕ್ಕದಲ್ಲೊಂದು ತಿರುವಿಗೆ, ಕೆಳಗೊಂದು ಗಾಡಿ ಹಳಿ ಬಿಟ್ಟು ಮೇಲೇಳದಂತೆ ತಡೆಯಲು. ಇಂದು ಜಗತ್ತಿನ ದೊಡ್ಡ ಕೋಸ್ಟರುಗಳೆಲ್ಲ ಓಡುವುದು ಈ ಮೂರರ ಕೂಟದ ಮೇಲೆಯೇ.

1959ರಲ್ಲಿ ಡಿಸ್ನಿಲ್ಯಾಂಡಿನ ಮ್ಯಾಟರ್‌ಹಾರ್ನ್ ಕೋಸ್ಟರಿಗೆ ಉಕ್ಕಿನ ಕೊಳವೆಯ ಹಳಿ ಬಂತು. ಕೊಳವೆಯನ್ನು ಹೇಗೆ ಬೇಕಾದರೂ ಬಗ್ಗಿಸಬಹುದಾದ್ದರಿಂದ ಮರದ ಕಾಲದ ಕಟ್ಟುಪಾಡುಗಳು ಸಡಿಲವಾದವು. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್‌ನಲ್ಲಿ ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗೆಲ್ ಲೆಕ್ಕ ಹಾಕಿದ, ಗಾಡಿ ತಲೆಕೆಳಗಾಗುವ ಸುತ್ತು ಬಂತು. ದುಂಡಗಿನ ಬಳೆಯಂಥ ಸುತ್ತಿನಲ್ಲಿ, ತುದಿಯಲ್ಲಿ ತೂಕ ಸೊನ್ನೆಯಾಗುವಷ್ಟೇ ವೇಗದಿಂದ ಹೋದರೂ ತಳದಲ್ಲಿ ದೇಹದ ಮೇಲೆ ಅದರ ಆರು ಪಟ್ಟು ಭಾರ ಬೀಳುತ್ತದೆ. ಕತ್ತು ಅದನ್ನು ತಾಳಲಾರದು. ಸ್ಟೆಂಗೆಲ್ ಬಳೆಯನ್ನು ಬಿಟ್ಟು ನೀರಹನಿಯ ಆಕಾರ ಹಿಡಿದ: ತಳದಲ್ಲಿ ಅಗಲ ತಿರುವು, ಮೇಲೆ ಹೋದಂತೆ ಬಿಗಿ. ರೈಲು ನೇರ ಹಳಿಯಿಂದ ತಿರುವಿಗೆ ಹೊರಳುವಾಗ ಪ್ರಯಾಣಿಕರು ಮುಗ್ಗರಿಸದಂತೆ ಹಾಕುವ ವಕ್ರರೇಖೆಯ ಮನೆತನದ್ದೇ ಅದು.

ನಮ್ಮ ದೇಶಕ್ಕೆ ಈ ಆಟ ಬಂದದ್ದು ದೆಹಲಿಯ ಅಪ್ಪು ಘರ್ ಮೂಲಕ. 1982ರ ಏಷ್ಯನ್ ಕ್ರೀಡಾಕೂಟದ ಆನೆಮರಿಯ ಹೆಸರಿಟ್ಟುಕೊಂಡು 1984ರಲ್ಲಿ ತೆರೆದ ಪಾರ್ಕು 2008ರಲ್ಲಿ ಮುಚ್ಚಿತು. ಮುಂಬೈಯ ಎಸ್ಸೆಲ್ ವರ್ಲ್ಡ್ 1989ರಲ್ಲಿ ಬಂತು, ಅದೂ ಈಗ ಇಲ್ಲ. ಕೋಲ್ಕತ್ತದ ನಿಕ್ಕೋ ಪಾರ್ಕಿನಲ್ಲಿ 2003ರಿಂದ ಮರದ ಕೋಸ್ಟರ್ ಇದೆ. ಅದರ ಸದ್ದು ಕೇಳಲೆಂದೇ ರೈಲು ಹತ್ತಿ ಹೋಗಿ ಬಂದವನು ನಾನು. 2013ರಲ್ಲಿ ಖೋಪೋಲಿಯ ಇಮ್ಯಾಜಿಕಾದಲ್ಲಿ ಸ್ವಿಟ್ಜರ್ಲೆಂಡಿನ ಬಾಲಿಗರ್ ಆ್ಯಂಡ್ ಮಾಬಿಯಾರ್ ಕಂಪನಿಯ ನೈಟ್ರೋ ಬಂದಾಗ, ಕಾಲಿಡಲು ನೆಲವೇ ಇಲ್ಲದ ಗಾಡಿಯಲ್ಲಿ ಕೂತು ಜಗತ್ತಿನ ದರ್ಜೆ ಹೇಗಿರುತ್ತದೆಂದು ಮೊದಲ ಬಾರಿ ತಿಳಿದೆ. ಆ ಕೋಸ್ಟರಿನಲ್ಲಿ ಎಲ್ಲೂ ಕುಲುಕಾಟವಿಲ್ಲ. ಭಯ ಇರುವುದು ಹಳಿಯ ಆಕಾರದಲ್ಲಿ ಮಾತ್ರ.

ಬೆಂಗಳೂರಿನ ಕಥೆ ಬೇರೆ. ಅರಮನೆ ಮೈದಾನದ ಬದಿಯ ಫನ್ ವರ್ಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯವರಿಗೆ ಹತ್ತಿರದ ನೀಲಾದ್ರಿ, ನಾಗವಾರ ಕೆರೆಯ ಲುಂಬಿನಿ ಗಾರ್ಡನ್ಸ್, ಇವೆಲ್ಲ ಶಾಲೆಯ ಪ್ರವಾಸ ಮತ್ತು ಭಾನುವಾರಗಳನ್ನು ಸಾಕಿದವು. ಲುಂಬಿನಿಯ ವಿಷಯದಲ್ಲಿ ನನ್ನ ಮನಸ್ಸು ಎರಡಾಗಿದೆ. ಅಲೆಗಳ ಕೊಳದಲ್ಲಿ ನನ್ನ ಮಗಳು ನಕ್ಕದ್ದನ್ನು ಮರೆಯಲಾರೆ. ಆದರೆ ಕೆರೆಯನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟು ಅದರ ಅಂಚನ್ನು ಆಟದ ಜಾಗ ಮಾಡಿದ್ದು ತಪ್ಪು. ಕೆರೆಗಳ ಗುತ್ತಿಗೆಯನ್ನು ಪ್ರಶ್ನಿಸಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ 2008ರಲ್ಲಿ ಹೈಕೋರ್ಟಿಗೆ ಹೋದದ್ದು ಸರಿಯೇ. ಆಟಕ್ಕೆ ಜಾಗ ಬೇಕು ನಿಜ, ಅದು ಕೆರೆಯ ಜಾಗವಾಗಬಾರದು.

2005ರಲ್ಲಿ ವಂಡರ್‌ಲಾ ಬಂತು. ವೋಲ್ಟೇಜ್ ಸ್ಟೆಬಿಲೈಸರ್ ಮಾಡುತ್ತಿದ್ದ ವಿ-ಗಾರ್ಡ್‌ನ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಕಟ್ಟಿ, ಐದು ವರ್ಷದ ಮೇಲೆ ಬಿಡದಿಗೆ ಬಂದರು. ಪಕ್ಕದಲ್ಲೇ ಟೊಯೋಟಾ ಕಾರ್ಖಾನೆ, ಸುತ್ತ ರೇಷ್ಮೆ ಸೀಮೆ. ಕಂಪನಿ ತನ್ನ ರೈಡುಗಳಲ್ಲಿ ಹಲವನ್ನು ಕೊಚ್ಚಿಯ ತನ್ನದೇ ಕಾರ್ಯಾಗಾರದಲ್ಲಿ ತಯಾರಿಸುತ್ತದೆ ಎಂಬುದು ನನಗೆ ಅಲ್ಲಿನ ದೊಡ್ಡ ಸಂಗತಿ. ರಿಕಾಯಿಲ್ ಮಾತ್ರ ಡಚ್ ಕಂಪನಿ ವೆಕೋಮಾದ ಬೂಮರಾಂಗ್ ಮಾದರಿಯದು. ಗಾಡಿಯನ್ನು ಹಿಂದಕ್ಕೆ ಎಳೆದು ಎತ್ತರದಿಂದ ಬಿಡುತ್ತಾರೆ. ನಿಲ್ದಾಣ ದಾಟಿ, ಹೆಡೆಯೆತ್ತಿದ ಹಾವಿನಂಥ ತಿರುವಿನಲ್ಲಿ ಎರಡು ಸಲ, ಸುತ್ತಿನಲ್ಲಿ ಒಂದು ಸಲ ತಲೆಕೆಳಗಾಗಿ ಎದುರಿನ ದಿಬ್ಬ ಹತ್ತುತ್ತದೆ. ಅಲ್ಲಿಂದ ಅಷ್ಟನ್ನೂ ಹಿಮ್ಮುಖವಾಗಿ ಮತ್ತೆ. ಹಳಿಯ ಉದ್ದ 285 ಮೀಟರು, ತಲೆಕೆಳಗಾಗುವುದು ಒಟ್ಟು ಆರು ಸಲ. ಕಡಿಮೆ ಜಾಗದಲ್ಲಿ ಇಷ್ಟು ಕೊಡುವ ಜಾಣ್ಮೆಗೇ ಈ ಮಾದರಿ ಜಗತ್ತಿನ ಹತ್ತಾರು ಊರುಗಳಲ್ಲಿದೆ. ಮುಂದಿನ ಸಾಲಿನಲ್ಲಿ ಕೂರಲು ಎಲ್ಲರೂ ನುಗ್ಗುತ್ತಾರೆ. ನನ್ನ ಮಾತು ಕೇಳಿ, ಹಿಂದಿನ ಸಾಲು ಹಿಡಿಯಿರಿ. ಗಾಡಿಯನ್ನು ಎಳೆದು ನಿಲ್ಲಿಸಿದಾಗ ಎಲ್ಲರಿಗಿಂತ ಮೇಲಿರುವವರು ನೀವೇ, ಮುಂದಿನ ಇಪ್ಪತ್ತಾರು ಇಪ್ಪತ್ತೇಳು ತಲೆಗಳು ನಿಮ್ಮ ಕಾಲ ಕೆಳಗೆ ನೇತಾಡುತ್ತಿರುತ್ತವೆ.

ಇಷ್ಟಾದರೂ ಪಾರ್ಕಿಗೆ ಬರುವ ಹೆಚ್ಚಿನವರ ಚೀಲದಲ್ಲಿರುವುದು ಒದ್ದೆ ಬಟ್ಟೆ. ನೀರಿಗೆ ಬಿಸಿಲು ಕಾರಣ, ಅಜ್ಜಿಯಿಂದ ಮೊಮ್ಮಗುವಿನವರೆಗೆ ಒಂದೇ ಕೊಳಕ್ಕೆ ಇಳಿಯಬಹುದೆಂಬುದೂ ಕಾರಣ. ಅದನ್ನು ಹೀಗಳೆಯಲಾರೆ. ಆದರೆ 2024ರ ಮಾರ್ಚಿನಲ್ಲಿ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳು ಟ್ಯಾಂಕರಿಗೆ ಕಾಯುತ್ತಿದ್ದಾಗ, ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದೆಂದಾಗ, ಹೋಳಿಯ ರೇನ್ ಡ್ಯಾನ್ಸಿಗೂ ತಡೆ ಬಂದಾಗ ನನಗೆ ಅನ್ನಿಸಿದ್ದು ಇಷ್ಟೇ: ಉಕ್ಕಿನ ಹಳಿಗೆ ಬಾಯಾರಿಕೆಯಿಲ್ಲ. ಒಮ್ಮೆ ಮೇಲೆತ್ತಲು ಕರೆಂಟು ಬೇಕು, ಉಳಿದದ್ದನ್ನು ಭೂಮಿಯೇ ನೋಡಿಕೊಳ್ಳುತ್ತದೆ.

ವೈಟ್‌ಫೀಲ್ಡಿನಲ್ಲಿ ಆಟ ಈಗ ಮಾಲುಗಳ ಮೇಲಿನ ಮಹಡಿಗೆ ಸೇರಿದೆ. ಕಣ್ಣಿಗೆ ಕಟ್ಟುವ ವಿಆರ್ ಪೆಟ್ಟಿಗೆ, ಅಲುಗುವ ಕುರ್ಚಿ, ಕಾರ್ಡು ಉಜ್ಜಿದರೆ ಐದು ನಿಮಿಷದ ಕೋಸ್ಟರ್. ಕಣ್ಣು ಬೀಳುತ್ತಿದೆ ಎನ್ನುತ್ತದೆ, ಹೊಟ್ಟೆ ಇಲ್ಲ ಎನ್ನುತ್ತದೆ. ಆ ಜಗಳ ತಲೆನೋವಾಗಿ ಉಳಿಯುತ್ತದೆ. ಕುರ್ಚಿಯಿಂದ ಮೈ ಮೇಲೇಳುವ ಆ ಅರೆಕ್ಷಣದ ಹಗುರವನ್ನು ಕೋಣೆಯೊಳಗಿನ ಯಾವ ಪೆಟ್ಟಿಗೆಯೂ ಕೊಡಲಾರದು.

ಭಯದ ಆಟದಲ್ಲಿ ನಿಜವಾದ ಅಪಾಯಕ್ಕೆ ಜಾಗವಿರಬಾರದು. ಹುಸ್ಕೂರಿನಲ್ಲಿ 2024ರಲ್ಲೂ 2025ರಲ್ಲೂ ತೇರು ಉರುಳಿತು, ಎರಡನೆಯ ಸಲ ಜೀವವೂ ಹೋಯಿತು. ಸುದ್ದಿ ಕೇಳಿ ಆ ದಿನ ಶೆಡ್ಡಿನಲ್ಲಿ ನನಗೆ ಕೈ ಓಡಲಿಲ್ಲ. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ತೂಗುವ ರೈಡಿನ ತೋಳು ಮುರಿದು, ಕೂತವರ ಸಮೇತ ನೆಲಕ್ಕಪ್ಪಳಿಸಿತ್ತು. ಒಂದು ಬಿರುಕು ಕಣ್ಣಿಗೆ ಕಾಣುವ ಮೊದಲೇ ಬಣ್ಣದ ದ್ರವ ಬಳಿದು ಹಿಡಿಯುವ ಡಿಪಿ ಟೆಸ್ಟನ್ನು ನಾವು ಪೀಣ್ಯದಲ್ಲಿ ದಿನವೂ ಮಾಡುತ್ತೇವೆ. ಒಂದು ಪಾರ್ಕಿನಲ್ಲಿ ಬೆಳಿಗ್ಗೆಯ ಖಾಲಿ ಓಟವನ್ನೇ ಮಾಡದೆ ಜನರನ್ನು ಹತ್ತಿಸುತ್ತಿದ್ದುದನ್ನು ಕಂಡು ನಾನು ಸಾಲಿನಿಂದ ಇಳಿದು ಬಂದಿದ್ದೇನೆ. ಮಕ್ಕಳು ಅತ್ತರೂ ಬಂದಿದ್ದೇನೆ. ರೈಡು ಯಾವತ್ತು, ಯಾರಿಂದ ಪರೀಕ್ಷೆಯಾಯಿತೆಂದು ಕನ್ನಡದಲ್ಲಿ ಬರೆದ ಹಲಗೆ ಪ್ರತಿ ಪ್ರವೇಶದಲ್ಲೂ ಇರಬೇಕು. ಲಿಫ್ಟಿನೊಳಗೆ ಎಷ್ಟು ಜನರೆಂದು ಬರೆಯುವ ನಮಗೆ ಇದು ಕಷ್ಟವಲ್ಲ.

ಇಲ್ಲಿನವರ ದೊಡ್ಡ ಕನಸುಗಳು ಮಾತ್ರ ಬೇರೆ ಕಡೆಗೇ ಹೋಗುತ್ತವೆ. 2018ರಲ್ಲಿ ಕೆ.ಆರ್.ಎಸ್. ಬಳಿ ಡಿಸ್ನಿಲ್ಯಾಂಡ್ ಮಾದರಿಯ ಪಾರ್ಕು, ಕಾವೇರಿ ತಾಯಿಯ ಭಾರಿ ಪ್ರತಿಮೆ ಎಂದು ಸರ್ಕಾರ ಘೋಷಿಸಿತು. ಅಣೆಕಟ್ಟಿನ ಮಗ್ಗುಲಲ್ಲಿ ಅದು ಬೇಡವೆಂದ ರೈತರ ಜೊತೆ ನಾನಿದ್ದೇನೆ. ಇತ್ತ 2025ರ ಡಿಸೆಂಬರಿನಲ್ಲಿ ವಂಡರ್‌ಲಾ ಚೆನ್ನೈಯ ಓಎಂಆರ್ ರಸ್ತೆಯಲ್ಲಿ, ಅಲ್ಲಿನ ಐಟಿ ಪಟ್ಟಿಯ ತುದಿಯಲ್ಲೇ, ಹೊಸ ಪಾರ್ಕು ತೆರೆದು ಹಳಿಯ ಕೆಳಗೆ ನೇತಾಡುವ ಸ್ವಿಸ್ ಕೋಸ್ಟರನ್ನು ಅಲ್ಲಿಗೆ ಕೊಟ್ಟಿತು. ಸಂತೋಷವೇ. ಆದರೆ ನಮಗೆ? ಈಗ ವೈಟ್‌ಫೀಲ್ಡಿನಿಂದ ಚಲ್ಲಘಟ್ಟಕ್ಕೆ ನೇರಳೆ ಮಾರ್ಗ ಇದೆ, 2025ರ ಆಗಸ್ಟಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಹಳದಿ ಮಾರ್ಗವೂ ಬಂದಿದೆ. 1978ರಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರುಮಾಡಿದಾಗ ಕೆಲಸಕ್ಕೆ ಜಾಗ ಸಿಕ್ಕಿತು. ಕೆಲಸ ಮುಗಿಸಿದವರು ಆಡಲು ಎಲ್ಲಿಗೆ ಹೋಗಬೇಕೆಂಬುದಕ್ಕೂ ಹಾಗೇ ಎಕರೆ ಲೆಕ್ಕದಲ್ಲಿ ಉತ್ತರ ಬೇಕಿದೆ. ಎತ್ತರದ ದಾಖಲೆ ಬೇಡ. ಮೂವತ್ತು ಮೀಟರಿನೊಳಗೆ, ಸುತ್ತುಗಳಿಲ್ಲದೆ ಬರೀ ದಿಬ್ಬಗಳಿಂದ ಮೈ ಹಗುರ ಮಾಡುವ, ಅಜ್ಜಿಯೂ ಹತ್ತಬಹುದಾದ ಒಂದು ಕೋಸ್ಟರ್ ಸಾಕು.

ಹೋದ ವಾರ ನಮ್ಮಲ್ಲಿ ಹೊಸದಾಗಿ ಸೇರಿದ ಐಟಿಐ ಹುಡುಗ ಬಿಡದಿಗೆ ಹೋಗಿ ಬಂದು, ಸುತ್ತು ಯಾಕೆ ದುಂಡಗಿಲ್ಲ ಸರ್ ಎಂದು ಕೇಳಿದ. ಊಟದ ಡಬ್ಬಿ ಬದಿಗಿಟ್ಟು ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ನೀರಹನಿ ಬರೆದು ತೋರಿಸಿದೆ. ಅವನು ಬಹಳ ಹೊತ್ತು ನೋಡಿ, ಎದ್ದು ಹೋಗಿ ಪೈಪ್ ಬಗ್ಗಿಸುವ ಯಂತ್ರದ ಪಕ್ಕ ನಿಂತು, ಇದರಲ್ಲಿ ಎಷ್ಟು ಇಂಚಿನ ಪೈಪಿನವರೆಗೆ ಬಗ್ಗುತ್ತೆ ಎಂದು ಆಪರೇಟರನ್ನು ವಿಚಾರಿಸತೊಡಗಿದ.