ಮಿದುಳಿನ ಅಳತೆಗೆ ಯಾರ ತಲೆ ಮಾನದಂಡ?

ಎಂಆರ್‌ಐ ಚಿತ್ರದಲ್ಲಿ ಬೂದು ದ್ರವ್ಯ, ಬಿಳಿ ದ್ರವ್ಯ, ಮಿದುಳು ದ್ರವಗಳನ್ನು ಬೇರ್ಪಡಿಸಿ ಅಳೆಯುವುದು ಇಂದು ಕಂಪ್ಯೂಟರಿನ ಕೆಲಸ. ಬಂದ ಅಂಕಿಯನ್ನು ಅರ್ಥೈಸುವಲ್ಲೇ ತೊಡಕು. ಒಬ್ಬರ ಬುರುಡೆಯೊಳಗಿನ ಗಾತ್ರ 1500 ಮಿಲಿಲೀಟರ್, ಬೂದು ದ್ರವ್ಯ 600. ಇನ್ನೊಬ್ಬರದು 1250ಕ್ಕೆ 540 ಎಂದುಕೊಳ್ಳೋಣ. ನೇರ ಹೋಲಿಕೆಯಲ್ಲಿ ಮೊದಲನೆಯವರದೇ ಹೆಚ್ಚು. ಶೇಕಡಾವಾರು ತೆಗೆದರೆ ಅವರದು 40, ಎರಡನೆಯವರದು 43.2. ವಯಸ್ಸಾದಂತೆ ಮಿದುಳು ಕುಗ್ಗಿದರೂ ಬುರುಡೆ ಹೆಚ್ಚುಕಡಿಮೆ ಹಾಗೇ ಉಳಿಯುವುದರಿಂದ ಅದರ ಒಳಗಾತ್ರವೇ ಭಾಜಕವಾಯಿತು.

ಆ ಭಾಜಕದ ಲೆಕ್ಕದೊಳಗೆ ಬೇರೆಯವರ ತಲೆಗಳೂ ಸೇರಿಕೊಂಡಿವೆ.

ಮಿದುಳುಗಳನ್ನು ಹೋಲಿಸಲು ಪ್ರತಿ ಸ್ಕ್ಯಾನನ್ನೂ ಒಂದು ಮಾದರಿ ಮಿದುಳಿಗೆ, ಅಂದರೆ ಅಚ್ಚಿಗೆ, ಹೊಂದಿಸಲಾಗುತ್ತದೆ. 1988ರಲ್ಲಿ ತಲೈರಾಕ್ ಮತ್ತು ಟೂರ್ನೂ ಪ್ರಕಟಿಸಿದ ಅಂಥ ನಕಾಶೆಗೆ ಆಧಾರ 60 ವರ್ಷದ ಒಬ್ಬ ಮಹಿಳೆಯ ಮರಣೋತ್ತರ ಮಿದುಳು. 1993ರಲ್ಲಿ ಮಾಂಟ್ರಿಯಲ್‌ನ ಅಲನ್ ಇವಾನ್ಸ್ ತಂಡ 305 ಜನರ ಸ್ಕ್ಯಾನ್‌ಗಳ ಸರಾಸರಿ ತೆಗೆಯಿತು. ಅವರಲ್ಲಿ 239 ಮಂದಿ ಗಂಡಸರು. ಸರಾಸರಿ ವಯಸ್ಸು ಸುಮಾರು 23. ಬಳಿಕ ಅಲ್ಲಿಂದಲೇ ಬಂದ 152 ಜನರ ಅಚ್ಚು ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಬಳಕೆಗೆ ಬಂತು. ಸ್ಕ್ಯಾನನ್ನು ಅಚ್ಚಿಗೆ ಹೊಂದಿಸಲು ಹಿಗ್ಗಿಸಿದಾಗ ಅಂಗಾಂಶದ ಗಾತ್ರವೂ ಬದಲಾಗುತ್ತದೆ. ಹಿಗ್ಗಿದ ಪ್ರಮಾಣವನ್ನು ಲೆಕ್ಕಹಾಕಿ ಮೂಲ ಗಾತ್ರವನ್ನು ಉಳಿಸಿಕೊಳ್ಳುವ ವಿಧಾನವನ್ನು 2001ರಲ್ಲಿ ಲಂಡನ್ನಿನ ಸಂಶೋಧಕರು 465 ಜನರ ಸ್ಕ್ಯಾನ್‌ಗಳ ಮೇಲೆ ಬಳಸಿದರು. 2004ರಲ್ಲಿ ರ‍್ಯಾಂಡಿ ಬಕ್ನರ್ ತಂಡ, ಅಚ್ಚಿಗೆ ಹೊಂದಿಸಲು ಸ್ಕ್ಯಾನನ್ನು ಎಷ್ಟು ಹಿಗ್ಗಿಸಬೇಕೆಂಬ ಗುಣಕದಿಂದಲೇ ಬುರುಡೆಯೊಳಗಿನ ಗಾತ್ರವನ್ನು ಅಂದಾಜಿಸಬಹುದೆಂದು ತೋರಿಸಿತು. ಅಲ್ಲಿಗೆ ಅಚ್ಚು ಯಾರದು ಎಂಬುದು ಭಾಜಕದ ಪ್ರಶ್ನೆಯೂ ಆಯಿತು: ವಿಜಯಪುರ ಜಿಲ್ಲೆಯ ಆಲಮೇಲದ ರೈತನೊಬ್ಬನ ಸ್ಕ್ಯಾನ್ ಕೂಡ ಮಾಂಟ್ರಿಯಲ್ ಅಚ್ಚಿಗೇ ಹೊಂದಬೇಕಿತ್ತು.

ಇದಕ್ಕೆ ಉತ್ತರ ಹುಡುಕಿದವರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ಪ್ರಮುಖರು. 2018ರಲ್ಲಿ ಅಲ್ಲಿನ ಗೌರವ್ ಭಾಲೇರಾವ್, ಗಣೇಶನ್ ವೆಂಕಟಸುಬ್ರಮಣಿಯನ್ ಮತ್ತಿತರರು 157 ಭಾರತೀಯರ ಸ್ಕ್ಯಾನ್‌ಗಳಿಂದ ಒಂದು ಅಚ್ಚು ಕಟ್ಟಿ, ಚೀನೀ ಮತ್ತು ಮಾಂಟ್ರಿಯಲ್ ಅಚ್ಚುಗಳೊಂದಿಗೆ ಹೋಲಿಸಿದರು. ಮೂರರ ಆಕಾರಗಳಲ್ಲಿ ಗಮನಾರ್ಹ ವ್ಯತ್ಯಾಸ ಕಂಡಿತು. ಭಾರತೀಯರ ಸ್ಕ್ಯಾನ್‌ಗಳು ಭಾರತೀಯ ಅಚ್ಚಿಗೆ ಕಡಿಮೆ ಎಳೆದಾಟದಲ್ಲೇ ಹೊಂದಿಕೊಂಡವು. 2020ರಲ್ಲಿ ಭರತ್ ಹೊಳ್ಳ, ವಿವೇಕ್ ಬೆನೆಗಲ್ ಮೊದಲಾದವರು ದೇಶದ ಹಲವು ಕಡೆಯ 466 ಸ್ಕ್ಯಾನ್‌ಗಳಿಂದ 6ರಿಂದ 60 ವರ್ಷದವರೆಗೆ ವಯೋಮಾನಕ್ಕೊಂದರಂತೆ ಐದು ಅಚ್ಚುಗಳನ್ನು ಹೊರತಂದರು.

ಅಚ್ಚು ಸರಿಹೋದರೂ ಲೆಕ್ಕದ ವಿಧಾನ ಬೇರೆಯೇ ವಿಷಯ. ಸರಳ ಭಾಗಾಕಾರವು ತಲೆ ಹಿಗ್ಗಿದಷ್ಟೇ ಪ್ರಮಾಣದಲ್ಲಿ ಪ್ರತಿ ಭಾಗವೂ ಹಿಗ್ಗುತ್ತದೆಂದು ನಂಬುತ್ತದೆ. ವಾಸ್ತವದಲ್ಲಿ ಹಾಗಿಲ್ಲದ ಕಾರಣ ಅನೇಕರು, ತಲೆಯ ಗಾತ್ರದಿಂದ ನಿರೀಕ್ಷಿಸಬಹುದಾದ ಅಳತೆಗೂ ಸಿಕ್ಕ ಅಳತೆಗೂ ಇರುವ ಅಂತರವನ್ನು ಗಣಿಸುತ್ತಾರೆ. ಈ ನಿರೀಕ್ಷೆಯ ಗೆರೆ ಎಳೆಯಲು ಆರೋಗ್ಯವಂತರ ದೊಡ್ಡ ಗುಂಪು ಬೇಕು, ಅದರಲ್ಲೂ ಮಿದುಳಿನ ಕುಗ್ಗುವಿಕೆ ಹೆಚ್ಚುವ 60ರ ನಂತರದವರು. ಆ ಐದು ಭಾರತೀಯ ಅಚ್ಚುಗಳು ನಿಲ್ಲುವುದೂ 60ರಲ್ಲೇ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಳ ಕಾಲ ಹಿಂಬಾಲಿಸುವ ಗುರಿಯೊಂದಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ನಡೆಸುತ್ತಿರುವ ಅಧ್ಯಯನದಲ್ಲಿ ಎಂಆರ್‌ಐ ಕೂಡ ಸೇರಿದೆ. ಹಳ್ಳಿಗಾಡಿನ ಹಿರಿಯರ ಮಿದುಳಿಗೆ ಅವರ ಓರಗೆಯವರಿಂದಲೇ ಗೆರೆ ಎಳೆಯಲು ಬೇಕಾದ ಅಂಕಿಗಳು ಇಂಥ ಅಧ್ಯಯನಗಳಿಂದಲೇ ಬರಬೇಕು.